ಅರಸರ ಭಾವಚಿತ್ರವೂ ನಮ್ಮ ಮನೆಯ ಪಟವೂ

(ಕ್ರಿಸ್ತರಾಜರ ಮಹೋತ್ಸವದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ನಮ್ಮ ಯಾವುದೇ ಕ್ರೈಸ್ತ ಕುಟುಂಬದ ಮನೆಗೆ ಹೋಗಿ, ಹೊಸಿಲು ದಾಟುತ್ತಿದ್ದಂತೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ಯೇಸುವಿನ ಪವಿತ್ರ ಹೃದಯದ ಪಟ. ಅದರ ಕೆಳಗೆ ಒಂದು ಪುಟ್ಟ ಕೆಂಪು ದೀಪ. ಕೆಲವು ಮನೆಗಳಲ್ಲಿ ಆ ಪಟ ಅಜ್ಜ ಅಜ್ಜಿಯ ಮದುವೆಯ ಕಾಲದ್ದು. ಅಂಚು ಹಳದಿಯಾಗಿದೆ, ಗಾಜಿಗೆ ಗೆರೆ ಬಿದ್ದಿದೆ, ಆದರೂ ಯಾರೂ ಅದನ್ನು ಇಳಿಸಿಲ್ಲ. ದಿನವೂ ನೋಡುವುದರಿಂದಲೋ ಏನೋ, ಅದೊಂದು ಅರಸರ ಭಾವಚಿತ್ರ ಎಂಬುದು ನಮಗೆ ಮರೆತುಹೋಗಿದೆ. ಇಂದು ಕ್ರಿಸ್ತರಾಜರ ಮಹೋತ್ಸವ. ಆ ಪಟವನ್ನು ಹೊಸದಾಗಿ ನೋಡಲು ಇದೇ ತಕ್ಕ ದಿನ.

ಅರಸರೆಲ್ಲರೂ ತಮ್ಮ ಚಿತ್ರ ಬರೆಸಿಕೊಂಡವರೇ. ಇದಕ್ಕೆ ಕಾರಣವೂ ಸರಳ. ರಾಜ್ಯ ದೊಡ್ಡದು, ಅರಸ ಒಬ್ಬ. ಎಲ್ಲ ಪ್ರಜೆಗಳೂ ಅವನನ್ನು ಕಣ್ಣಾರೆ ಕಾಣುವಂತಿಲ್ಲ. ಆದ್ದರಿಂದ ಅವನ ಬದಲು ಅವನ ಚಿತ್ರ ಅರಮನೆಯಲ್ಲಿ, ಸಭಾಂಗಣದಲ್ಲಿ, ನಾಣ್ಯದ ಮೇಲೆ ನಿಲ್ಲುತ್ತದೆ. ನೋಡಿದವರಿಗೆ ಯಾರು ದೊಡ್ಡವರು, ಯಾರಿಗೆ ತಲೆಬಾಗಬೇಕು ಎಂದು ಅದು ಮಾತಿಲ್ಲದೆ ಹೇಳುತ್ತದೆ. ಚಿತ್ರದಲ್ಲಿರುವ ಒಂದೊಂದು ವಸ್ತುವೂ ಆ ಮಾತಿನ ಒಂದೊಂದು ಅಕ್ಷರ.

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಅಂಥದೊಂದು ಹೆಸರುವಾಸಿ ಚಿತ್ರವಿದೆ. ಫ್ರಾನ್ಸಿನ ಅರಸ ಹದಿನಾಲ್ಕನೆಯ ಲೂಯಿಯದು. 1701ರಲ್ಲಿ ಇಯಾಸೆಂತ್ ರಿಗೋ ಎಂಬ ಕಲಾವಿದ ಬರೆದದ್ದು. ಸ್ಪೇನಿನ ಅರಸನಾಗಿದ್ದ ಮೊಮ್ಮಗನಿಗೆ ಕಳುಹಿಸಲೆಂದು ಬರೆಸಿದ ಚಿತ್ರವದು. ಬರೆದು ಮುಗಿದ ಮೇಲೆ ಲೂಯಿಗೆ ಎಷ್ಟು ಹಿಡಿಸಿತೆಂದರೆ, ಕಳುಹಿಸದೆ ತಾನೇ ಇಟ್ಟುಕೊಂಡ. ಸುಮಾರು ಒಂಬತ್ತು ಅಡಿ ಎತ್ತರದ ಚಿತ್ರ. ಮುಂದೆ ನಿಂತವರು ತಲೆಯೆತ್ತಿಯೇ ನೋಡಬೇಕು.

ಅದರಲ್ಲಿ ಏನೇನಿದೆ ನೋಡಿ. ಅರಸನ ಹೆಗಲ ಮೇಲೆ ನೀಲಿ ನಿಲುವಂಗಿ, ಅದರ ತುಂಬ ಫ್ರಾನ್ಸಿನ ರಾಜಮನೆತನದ ಗುರುತಾದ ಚಿನ್ನದ ಲಿಲಿ ಹೂಗಳು. ನಿಲುವಂಗಿಯ ಒಳಗಡೆ ಎರ್ಮಿನ್ ಎಂಬ ಪುಟ್ಟ ಪ್ರಾಣಿಯ ಬಿಳಿ ತುಪ್ಪಳ. ಅದರ ಮೇಲೆ ಕಾಣುವ ಒಂದೊಂದು ಕಪ್ಪು ಗುರುತೂ ಆ ಪ್ರಾಣಿಯ ಬಾಲದ ತುದಿ. ಅಂದರೆ ಎಷ್ಟು ಗುರುತುಗಳೋ ಅಷ್ಟು ಪ್ರಾಣಿಗಳು. ಸೊಂಟದಲ್ಲಿ ಫ್ರಾನ್ಸಿನ ಅರಸರ ಪಟ್ಟಾಭಿಷೇಕದ ಖಡ್ಗ. ಕೈಯಲ್ಲಿ ರಾಜದಂಡ, ಅದನ್ನೂ ಅವನು ತಲೆಕೆಳಗಾಗಿ ಊರುಗೋಲಿನಂತೆ ಹಿಡಿದಿದ್ದಾನೆ, ಅಧಿಕಾರವೆಂಬುದು ತನಗೆ ಅಷ್ಟು ಸಲೀಸು ಎನ್ನುವ ಹಾಗೆ. ಪಕ್ಕದ ಮೆತ್ತೆಯ ಮೇಲೆ ಕಿರೀಟ. ಬೆನ್ನ ಹಿಂದೆ ಅಲುಗದ ಕಲ್ಲುಕಂಬ. ಮೇಲೆ ನಾಟಕದ ಪರದೆಯಂಥ ಕೆಂಪು ತೆರೆ. ಕೊರಳಲ್ಲಿ ಪವಿತ್ರಾತ್ಮರ ಹೆಸರಿನ ರಾಜಗೌರವದ ಹಾರ. ಪವಿತ್ರಾತ್ಮರ ಹೆಸರೂ ಅಲ್ಲಿ ಅರಸನ ಆಭರಣವಾಗಿಬಿಟ್ಟಿದೆ.

ಇನ್ನೊಂದು ವಿಷಯ ಗಮನಿಸಬೇಕು. ಆಗ ಲೂಯಿಗೆ ಅರವತ್ತು ದಾಟಿತ್ತು. ಮುಖದಲ್ಲಿ ಮುಪ್ಪು ಕಾಣುತ್ತದೆ, ಬಾಯಿ ಒಳಸರಿದಿದೆ. ಆದರೆ ನಿಲುವಂಗಿಯನ್ನು ಸರಿಸಿ ತೋರಿಸಿರುವ ಕಾಲುಗಳು, ಬಿಳಿ ರೇಷ್ಮೆಯ ಕಾಲುಚೀಲ, ಕೆಂಪು ಹಿಮ್ಮಡಿಯ ಪಾದರಕ್ಷೆ ತೊಟ್ಟ ಆ ಕಾಲುಗಳು, ಹರೆಯದ ನರ್ತಕನವು! ಮುಖ ಮುದುಕನದು, ಕಾಲು ಯುವಕನದು. ಯೌವನದಲ್ಲಿ ಲೂಯಿ ಒಳ್ಳೆಯ ನರ್ತಕನಾಗಿದ್ದನು. ಆ ಕಾಲುಗಳ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಅಷ್ಟು ದೊಡ್ಡ ಚಿತ್ರದಲ್ಲಿ ಇಲ್ಲದಿರುವುದು ಯಾವುದು? ಪ್ರಜೆಗಳು. 1693-94ರ ಬರಗಾಲದಲ್ಲಿ ಅದೇ ಫ್ರಾನ್ಸಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ, ರೋಗದಿಂದ ಸತ್ತಿದ್ದರು. ಅವರಲ್ಲಿ ಒಬ್ಬನ ನೆರಳೂ ಅಲ್ಲಿಲ್ಲ. ಲೂಯಿ ಭಕ್ತಿಯೇ ಇಲ್ಲದ ಮನುಷ್ಯ ಎಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನ ಅರಸರು ಪವಿತ್ರ ಗುರುವಾರದಂದು ಹದಿಮೂರು ಬಡಮಕ್ಕಳ ಪಾದ ತೊಳೆಯುವ ಪದ್ಧತಿಯಿತ್ತು. ಲೂಯಿಯೂ ಅದನ್ನು ನಡೆಸಿಕೊಂಡು ಬಂದವನೇ. ಆದರೆ ತನ್ನನ್ನು ಲೋಕ ಹೇಗೆ ನೋಡಬೇಕೆಂದು ಚಿತ್ರ ಬರೆಸುವಾಗ, ಅವನು ಬಡವರ ಪಾದ ತೊಳೆಯುತ್ತಿರುವ ಅರಸನನ್ನು ಬರೆಸಲಿಲ್ಲ. ತನ್ನ ಪಾದವನ್ನೇ ಮುಂದೆ ಚಾಚಿ ಬರೆಸಿದ.

1715ರ ಸೆಪ್ಟೆಂಬರ್ 1ರಂದು ಲೂಯಿ ತೀರಿಕೊಂಡ. ಅವನ ಸಾವಿಗೆ ಕಾರಣ ಅದೇ ಕಾಲು. ಗ್ಯಾಂಗ್ರೀನ್ ಆಗಿ ಕಾಲು ಕೊಳೆತುಹೋಗಿತ್ತು. ಅವನ ಸ್ಮರಣೆಯ ಪೂಜೆಯಲ್ಲಿ ಮಾಸಿಯೋನ್ ಎಂಬ ಧರ್ಮಗುರು ಪ್ರಬೋಧನೆ ನೀಡಬೇಕಾಗಿತ್ತು. 'ಮಹಾನ್' ಎಂದು ಬಿರುದಾಂಕಿತನಾಗಿದ್ದ ಅರಸನ ಬಗ್ಗೆ ಮಾತನಾಡಲು ನಿಂತ ಆ ಗುರುಗಳು ಮೊದಲು ಹೇಳಿದ ಮಾತು ಇಷ್ಟೇ: ಮಹಾನ್ ಆದವರು ದೇವರೊಬ್ಬರೇ.

ಪ್ರಿಯರೇ, ಇನ್ನೊಂದು ಜೋಡಿ ಚಿತ್ರಗಳನ್ನು ನೋಡೋಣ. ಇಲ್ಲಿ ಕಲಾವಿದ ಒಬ್ಬನೇ, ಚಿತ್ರಗಳು ಎರಡು. ಹಾನ್ಸ್ ಹೋಲ್ಬೈನ್ ಎಂಬ ಜರ್ಮನ್ ಕಲಾವಿದ ಇಂಗ್ಲೆಂಡಿಗೆ ಮೊದಲು ಬಂದಾಗ ಅವನಿಗೆ ಆಸರೆ ನೀಡಿದವರು ಥಾಮಸ್ ಮೋರ್. ನಾವೆಲ್ಲ ಬಲ್ಲ ಸಂತ ಥಾಮಸ್ ಮೋರ್ ಅವರೇ. 1527ರಲ್ಲಿ ಹೋಲ್ಬೈನ್ ಅವರ ಭಾವಚಿತ್ರ ಬರೆದ. ಅದು ಇಂದು ನ್ಯೂಯಾರ್ಕಿನಲ್ಲಿದೆ. ಮೋರ್ ಅವರ ಮೈಮೇಲೆ ತುಪ್ಪಳದ ಕೊರಳಪಟ್ಟಿ, ಕೆಂಪು ಮಖಮಲ್ಲಿನ ತೋಳು. ಹೆಗಲ ಮೇಲೆ ಭಾರವಾದ ಚಿನ್ನದ ಸರಪಣಿ, ಅದರ ತುದಿಗೆ ಟ್ಯೂಡರ್ ರಾಜಮನೆತನದ ಗುಲಾಬಿ ಹೂ. ಇವರು ಅರಸನ ಸೇವಕರು ಎಂಬುದನ್ನು ಆ ಸರಪಣಿ ಸಾರುತ್ತದೆ.

ಹತ್ತು ವರ್ಷಗಳ ನಂತರ, 1537ರಲ್ಲಿ, ಅದೇ ಹೋಲ್ಬೈನ್ ಅರಸ ಎಂಟನೆಯ ಹೆನ್ರಿಯನ್ನು ವೈಟ್‌ಹಾಲ್ ಅರಮನೆಯ ಗೋಡೆಯ ಮೇಲೆ ಬರೆದ. ಅಲ್ಲಿ ಹೆನ್ರಿಗೆ ಕಿರೀಟವೂ ಇಲ್ಲ, ರಾಜದಂಡವೂ ಇಲ್ಲ. ಅವು ಬೇಕೆಂದೂ ಅನಿಸುವುದಿಲ್ಲ. ಎರಡು ಕಾಲುಗಳನ್ನು ಅಗಲಿಸಿ, ಅಗಲವಾದ ಭುಜಗಳನ್ನು ಬಿಚ್ಚಿ, ಕಠಾರಿಯ ಬಳಿ ಕೈಯಿಟ್ಟು, ನೋಡುವವರನ್ನೇ ನೇರವಾಗಿ ನೋಡುತ್ತಾ ನಿಂತಿದ್ದಾನೆ. ನಿಂತ ನಿಲುವೇ ಅವನ ಕಿರೀಟ. ಆಸ್ಥಾನಿಕರು ಆ ಚಿತ್ರದ ನಕಲುಗಳನ್ನು ಮಾಡಿಸಿಕೊಂಡರು. ಇಂದಿಗೂ ಎಂಟನೆಯ ಹೆನ್ರಿ ಎಂದರೆ ಜನರ ಕಣ್ಣಮುಂದೆ ಬರುವುದು ಅದೇ ಭಂಗಿ.

ಆದರೆ ಆ ಹತ್ತು ವರ್ಷಗಳಲ್ಲಿ ಏನೇನು ನಡೆದಿತ್ತು? ಒಂದು ಕಾಲದಲ್ಲಿ ಸಪ್ತ ಸಂಸ್ಕಾರಗಳ ಪರವಾಗಿ ಪುಸ್ತಕ ಬರೆದು, 1521ರಲ್ಲಿ ಪೋಪ್ ಜಗದ್ಗುರುಗಳಿಂದ 'ವಿಶ್ವಾಸದ ರಕ್ಷಕ' ಎಂಬ ಬಿರುದು ಪಡೆದವನು ಈ ಹೆನ್ರಿ. ಅವನೇ 1534ರಲ್ಲಿ ಇಂಗ್ಲೆಂಡಿನ ಧರ್ಮಸಭೆಗೆ ತಾನೇ ಶಿರಸ್ಸು ಎಂದು ಶಾಸನ ಮಾಡಿಸಿಕೊಂಡ. ಧರ್ಮಾಧ್ಯಕ್ಷ ಜಾನ್ ಫಿಷರ್ ಅದಕ್ಕೆ ಒಪ್ಪಲಿಲ್ಲ. ಥಾಮಸ್ ಮೋರ್ ಕೂಡ ಒಪ್ಪಲಿಲ್ಲ. 1535ರ ಜೂನ್ 22ರಂದು ಫಿಷರ್ ಅವರ ಶಿರಚ್ಛೇದವಾಯಿತು. ಜುಲೈ 6ರಂದು ಮೋರ್ ಅವರದು. ತಾನು ಅರಸನ ಒಳ್ಳೆಯ ಸೇವಕ, ಆದರೆ ಮೊದಲು ದೇವರ ಸೇವಕ ಎಂಬ ಅರ್ಥದ ಮಾತು ವಧಾಸ್ಥಾನದಲ್ಲಿ ಅವರ ಬಾಯಿಂದ ಬಂದಿತೆಂದು ಆ ಕಾಲದ ವರದಿ ತಿಳಿಸುತ್ತದೆ. ಅರಮನೆಯ ಗೋಡೆಯ ಮೇಲೆ ಹೆನ್ರಿ ಕಾಲಗಲಿಸಿ ನಿಂತದ್ದು ಇಷ್ಟೆಲ್ಲ ಆದ ಮೇಲೆ. ಅಷ್ಟು ಗಟ್ಟಿಯಾಗಿ ಕಾಣುವ ಆ ಅರಸ 1536ರ ಜನವರಿಯಲ್ಲಿ ಕುದುರೆಯಿಂದ ಬಿದ್ದು ಪೆಟ್ಟುತಿಂದಿದ್ದ. ಕಾಲಿನ ಹುಣ್ಣು ಅವನು ಸಾಯುವ ತನಕ ಕಾಡಿತು. ಚಿತ್ರದಲ್ಲಿ ಅದು ಕಾಣುವುದಿಲ್ಲ. ಕಾಣಿಸಲೂಬಾರದು, ಅರಸರ ಚಿತ್ರ ಇರುವುದೇ ಗಾಯವನ್ನು ಮುಚ್ಚುವುದಕ್ಕೆ.

ಥಾಮಸ್ ಮೋರ್ ಅವರ ಚಿತ್ರದಲ್ಲೂ ಮುಚ್ಚಿಟ್ಟ ಒಂದು ವಸ್ತುವಿದೆ. ಉನ್ನತ ಅಧಿಕಾರಿಗೆ ತಕ್ಕ ಉಡುಪಿನ ಒಳಗೆ, ಮೈಗೆ ತಾಗಿ, ಮೇಕೆಯ ಕೂದಲಿನ ಒರಟು ಅಂಗಿಯೊಂದನ್ನು ತೊಡುವ ಅಭ್ಯಾಸ ಅವರಿಗಿತ್ತು. ಅದು ತಪಸ್ಸಿನ ಅಂಗಿ, ಮೈ ಚುಚ್ಚುವ ಅಂಗಿ. ಈ ವಿಷಯ ಚೆನ್ನಾಗಿ ಬಲ್ಲವಳು ಅವರ ಹಿರಿಯ ಮಗಳು ಮಾರ್ಗರೆಟ್. ಅದನ್ನು ಗುಟ್ಟಾಗಿ ಒಗೆದು ಕೊಡುತ್ತಿದ್ದವಳು ಅವಳೇ. ಸಾಯುವ ಮುನ್ನಾದಿನ ಅವರು ಆ ಅಂಗಿಯನ್ನು ಸೆರೆಮನೆಯಿಂದ ಮಗಳಿಗೆ ಕಳುಹಿಸಿಕೊಟ್ಟರು. ಇಂದು ಅದು ಇಂಗ್ಲೆಂಡಿನ ಬಕ್‌ಫಾಸ್ಟ್ ಮಠದ ದೇವಾಲಯದಲ್ಲಿದೆ. ಹೆನ್ರಿಯ ಗೋಡೆಚಿತ್ರವೋ, 1698ರಲ್ಲಿ ವೈಟ್‌ಹಾಲ್ ಅರಮನೆಗೆ ಬೆಂಕಿ ಬಿದ್ದಾಗ ಸುಟ್ಟು ಬೂದಿಯಾಯಿತು. ಅರಸನು ಎಲ್ಲರೂ ನೋಡಲೆಂದು ಗೋಡೆಗೆ ಬರೆಸಿದ್ದು ಉಳಿಯಲಿಲ್ಲ. ಸಂತರು ಯಾರೂ ನೋಡಬಾರದೆಂದು ಒಳಗೆ ತೊಟ್ಟದ್ದು ಉಳಿಯಿತು.

ಸಹೋದರ ಸಹೋದರಿಯರೇ, ಇನ್ನು ದೊಡ್ಡ ಚಿತ್ರದಿಂದ ಪುಟ್ಟ ಚಿತ್ರಕ್ಕೆ, ಅಂದರೆ ನಾಣ್ಯಕ್ಕೆ ಬರೋಣ. ಬಡವನ ಮನೆಗೂ ನುಗ್ಗುವ ಅರಸನ ಚಿತ್ರವೆಂದರೆ ಅದೇ. ನಮ್ಮ ದೇಶದಲ್ಲೇ ನಡೆದ ಒಂದು ಪ್ರಸಂಗ ಹೇಳುತ್ತೇನೆ. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಮುಖವಿದ್ದ ಹೊಸ ಬೆಳ್ಳಿ ರೂಪಾಯಿ ಹೊರಬಂತು. ದೊರೆಯ ನಿಲುವಂಗಿಯ ಮೇಲೆ ಭಾರತದ ಗುರುತಾಗಿ ಪುಟ್ಟ ಆನೆಯೊಂದನ್ನು ಕೆತ್ತಿದ್ದರು. ಆದರೆ ಸೊಂಡಿಲು ಮೋಟಾಗಿಬಿಟ್ಟಿತ್ತು. ಜನರ ಕಣ್ಣಿಗೆ ಆನೆ ಹಂದಿಯಾಗಿ ಕಂಡಿತು. ನಾಣ್ಯಕ್ಕೆ 'ಹಂದಿ ರೂಪಾಯಿ' ಎಂಬ ಹೆಸರೇ ಬಿತ್ತು. ಜನರ ಮನಸ್ಸು ನೊಂದದ್ದನ್ನು ಕಂಡ ಸರ್ಕಾರ ಅದನ್ನು ಹಿಂದಕ್ಕೆ ಪಡೆದು, ಮರುವರ್ಷ ಆನೆಯನ್ನು ತಿದ್ದಿ ಕೆತ್ತಿಸಿತು. ಅರ್ಧ ಲೋಕವನ್ನಾಳುತ್ತೇವೆ ಎಂದುಕೊಂಡವರ ಘನತೆ ಒಂದು ಸೊಂಡಿಲಿನ ಅಳತೆಯಲ್ಲಿತ್ತು!

ಯೇಸುಸ್ವಾಮಿಯ ಕೈಗೂ ಒಮ್ಮೆ ಅರಸನ ಚಿತ್ರವಿದ್ದ ನಾಣ್ಯ ಬಂತು. ಸೀಸರನಿಗೆ ತೆರಿಗೆ ಕೊಡುವುದು ಸರಿಯೋ ತಪ್ಪೋ ಎಂದು ಕೇಳಿ ಸಿಕ್ಕಿಸಲು ಬಂದವರಿಂದ ಅವರು ನಾಣ್ಯ ತರಿಸಿ, ಇದರ ಮೇಲಿರುವ ಮುಖವೂ ಬರಹವೂ ಯಾರದೆಂದು ಕೇಳಿದರು. ಆ ಕಾಲದ ತಿಬೇರಿಯ ಚಕ್ರವರ್ತಿಯ ಬೆಳ್ಳಿ ನಾಣ್ಯಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಒಂದು ಬದಿ ಎಲೆಗಳ ಜಯಮಾಲೆ ತೊಟ್ಟ ಅವನ ತಲೆ, ಸುತ್ತಲೂ ಬರಹ. ಅವನು ದೈವೀ ಅಗಸ್ಟಸನ ಮಗ ಎಂಬುದು ಆ ಬರಹದ ಅರ್ಥ. ಅಂದರೆ ಚಕ್ರವರ್ತಿ ತನ್ನ ನಾಣ್ಯದ ಮೂಲಕ ತಾನು ದೇವಪುತ್ರನೆಂದು ಸಾರುತ್ತಿದ್ದ. ನಿಜವಾದ ದೇವಪುತ್ರರು ಅದನ್ನು ನೋಡಿ, ಸೀಸರನದನ್ನು ಸೀಸರನಿಗೂ ದೇವರದನ್ನು ದೇವರಿಗೂ ಕೊಡಬೇಕೆಂದು ಹೇಳಿ ಕಳುಹಿಸಿದರು. ನಾಣ್ಯದ ಮೇಲೆ ಸೀಸರನ ಮುಖವಿದ್ದರೆ ನಾಣ್ಯ ಸೀಸರನದು. ಮನುಷ್ಯರ ಮೇಲೆ ಇರುವುದು ಯಾರ ರೂಪ? ಆದಿಕಾಂಡವನ್ನು ಓದಿದ ಮಕ್ಕಳೂ ಇದಕ್ಕೆ ಉತ್ತರ ಹೇಳಬಲ್ಲರು. ನಾವು ದೇವರ ರೂಪದಲ್ಲಿ ಉಂಟಾದವರು, ಆದ್ದರಿಂದ ದೇವರಿಗೆ ಸೇರಿದವರು.

ಕೆಲವೇ ದಿನಗಳಲ್ಲಿ, ಅದೇ ಜೆರುಸಲೇಮಿನಲ್ಲಿ, ರೋಮಿನ ಸಿಪಾಯಿಗಳು ಒಂದು ಅರಸರ ಚಿತ್ರವನ್ನು ರಚಿಸಿದರು. ಬಣ್ಣದಿಂದಲ್ಲ, ಜೀವಂತ ಮನುಷ್ಯರ ಮೈಮೇಲೆ. ಅರಸರ ಚಿತ್ರದಲ್ಲಿ ಏನೇನಿರಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಲುವಂಗಿ ಬೇಕು: ಕೆಂಪು ಬಟ್ಟೆ ಹೊದಿಸಿದರು. ಕಿರೀಟ ಬೇಕು: ಮುಳ್ಳಿನಿಂದ ಹೆಣೆದು ಇಟ್ಟರು. ರಾಜದಂಡ ಬೇಕು: ಬೆತ್ತವೊಂದನ್ನು ಬಲಗೈಗೆ ಕೊಟ್ಟರು. ಆಸ್ಥಾನದ ನಮಸ್ಕಾರ ಬೇಕು: ಮೊಣಕಾಲೂರಿ ಗೇಲಿ ಮಾಡಿದರು. ಸಿಂಹಾಸನ ಬೇಕು: ಶಿಲುಬೆಗೇರಿಸಿದರು. ಬಿರುದು ಬೇಕು: ಯೆಹೂದ್ಯರ ಅರಸನೆಂದು ಫಲಕ ಬರೆಸಿ ಮೇಲೆ ಹಚ್ಚಿದರು. ಆ ಫಲಕ ಹಿಬ್ರೂ, ಲತೀನ್, ಗ್ರೀಕ್ ಮೂರು ಭಾಷೆಗಳಲ್ಲಿತ್ತೆಂದು ಸಂತ ಯೊವಾನ್ನರು ತಿಳಿಸುತ್ತಾರೆ. ಬರಹವನ್ನು ತಿದ್ದಬೇಕೆಂದು ಮುಖ್ಯಯಾಜಕರು ಕೇಳಿಕೊಂಡರೂ ಪಿಲಾತ ತಿದ್ದಲಿಲ್ಲ. ನಾಣ್ಯದ ಮೇಲಿದ್ದಂತೆ ಇಲ್ಲಿಯೂ ಒಂದು ಮುಖ, ಒಂದು ಬರಹ.

ಅರಸರ ಎಡಬಲದಲ್ಲಿ ಆಪ್ತರು ಇರಬೇಕಲ್ಲವೇ? ಜೆಬೆದಾಯನ ಮಕ್ಕಳು ಆ ಸ್ಥಾನಗಳನ್ನೇ ಕೇಳಿದ್ದರು. ತಾವು ಕೇಳುತ್ತಿರುವುದು ಏನೆಂದು ಅವರಿಗೆ ತಿಳಿಯದು ಎಂದು ಯೇಸು ಆಗಲೇ ಹೇಳಿದ್ದರು. ಕೊನೆಗೆ ಆ ಎಡಬಲದ ಸ್ಥಾನಗಳು ದೊರಕಿದ್ದು ಇಬ್ಬರು ಅಪರಾಧಿಗಳಿಗೆ.

ಇದು ಗೇಲಿಗೆಂದು ರಚಿಸಿದ ಚಿತ್ರ. ಆದರೆ ಇದರಲ್ಲಿರುವುದೆಲ್ಲ ನಿಜ. ಉಳಿದ ಅರಸರ ಚಿತ್ರ ಗಾಯವನ್ನು ಮುಚ್ಚುತ್ತದೆ, ಇಲ್ಲಿ ಗಾಯವೇ ಎದ್ದು ಕಾಣುತ್ತದೆ. ಆ ಚಿತ್ರ ಪ್ರಜೆಗಳನ್ನು ದೂರ ಇಡುತ್ತದೆ, ಇಲ್ಲಿ ದಾರಿಹೋಕನೂ ಹತ್ತಿರ ಬಂದು ನಿಲ್ಲಬಹುದು, ಉಗುಳಲೂಬಹುದು. ಆ ಅರಸರು ಕಾಲುಗಳ ಅಂದ ತೋರಿಸಿ ನಿಂತರು. ಈ ಅರಸರ ಕಾಲುಗಳಿಗೆ ಮೊಳೆ ಬಿದ್ದಿದೆ, ಮತ್ತು ಹಿಂದಿನ ರಾತ್ರಿಯಷ್ಟೇ ಅವರು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬಾಗಿ, ಶಿಷ್ಯರ ಧೂಳಿನ ಕಾಲುಗಳನ್ನು ತೊಳೆದಿದ್ದರು. ತನ್ನನ್ನು ಹಿಡಿದುಕೊಡಲಿದ್ದವನ ಕಾಲುಗಳನ್ನೂ ಬಿಡಲಿಲ್ಲ.

ಇಂದಿನ ಎರಡನೆಯ ವಾಚನದಲ್ಲಿ ಸಂತ ಪೌಲರು ಕ್ರಿಸ್ತರನ್ನು ಅಗೋಚರ ದೇವರ ಪ್ರತಿರೂಪ ಎಂದು ಕರೆಯುತ್ತಾರೆ. ಕಣ್ಣಿಗೆ ಕಾಣದ ದೇವರು ಹೇಗಿದ್ದಾರೆಂದು ತಿಳಿಯಬೇಕೆ? ಅವರ ಭಾವಚಿತ್ರ ಇಲ್ಲಿದೆ. ಸಕಲವೂ ಅವರಲ್ಲಿ, ಅವರಿಗಾಗಿ ಸೃಷ್ಟಿಯಾಯಿತೆಂದು ಹಾಡುವ ಪೌಲರು, ಆ ಮಾತನ್ನು ಮುಗಿಸುವುದು ಶಿಲುಬೆಯ ರಕ್ತದಲ್ಲಿ. ಮೊದಲ ವಾಚನದಲ್ಲಿ ಇಸ್ರಯೇಲಿನ ಕುಲಗಳವರು ಹೆಬ್ರೋನಿಗೆ ಬಂದು, ತಾವು ದಾವೀದನ ರಕ್ತಮಾಂಸವೇ ಎಂದು ಹೇಳಿ ಅವನನ್ನು ಅರಸನನ್ನಾಗಿ ಅಭಿಷೇಕಿಸಿದರು. ನಮ್ಮ ಅರಸರ ವಿಷಯದಲ್ಲಿ ಅದು ತಿರುಗಿದೆ. ಅವರೇ ಬಂದು ನಮ್ಮ ರಕ್ತಮಾಂಸ ಧರಿಸಿ ನಮ್ಮವರಾದರು.

ಈಗ ನಾವು ಆಲಿಸಿದ ಶುಭಸಂದೇಶಕ್ಕೆ ಬರೋಣ. ಒಂದೇ ಚಿತ್ರವನ್ನು ಎಷ್ಟೊಂದು ಜನ ನೋಡುತ್ತಿದ್ದಾರೆ! ಅಧಿಕಾರಿಗಳು ನೋಡುತ್ತಾರೆ, ಸಿಪಾಯಿಗಳು ನೋಡುತ್ತಾರೆ, ಒಬ್ಬ ಅಪರಾಧಿ ನೋಡುತ್ತಾನೆ. ಮೂವರೂ ಹೇಳುವುದು ಒಂದೇ: ಅರಸನಾದರೆ ನಿನ್ನನ್ನು ನೀನೇ ರಕ್ಷಿಸಿಕೋ. ಅವರ ಲೆಕ್ಕದಲ್ಲಿ ಅರಸ ಎಂದರೆ ತನ್ನನ್ನು ರಕ್ಷಿಸಿಕೊಳ್ಳಬಲ್ಲವನು. ಲೂಯಿಯ ಲೆಕ್ಕವೂ ಅದೇ, ಹೆನ್ರಿಯ ಲೆಕ್ಕವೂ ಅದೇ. ಇನ್ನೊಬ್ಬ ಅಪರಾಧಿ ಮಾತ್ರ ಫಲಕದ ಮೇಲಿನ ಬರಹವನ್ನು ನಂಬಿದ. ರಕ್ತ ಸುರಿಯುತ್ತಿರುವ, ಉಸಿರು ಕಟ್ಟುತ್ತಿರುವ ಈ ಮನುಷ್ಯರಿಗೆ ಒಂದು ರಾಜ್ಯವಿದೆ ಎಂದು ಒಪ್ಪಿದ. ತನ್ನನ್ನು ಕೆಳಗಿಳಿಸಿ ಎಂದು ಅವನು ಕೇಳಲಿಲ್ಲ. ನೆನಪಿಡಿ ಎಂದಷ್ಟೇ ಕೇಳಿದ. ಅವನಿಗೆ ಸಿಕ್ಕ ಉತ್ತರ ನಾಳೆಯದಲ್ಲ, ಅಂದಿನದೇ. ಅರಸರ ಮೊದಲ ರಾಜಾಜ್ಞೆ ಒಬ್ಬ ಕಳ್ಳನಿಗೆ ನೀಡಿದ ಕ್ಷಮೆ.

ಈ ಹಬ್ಬ ಹುಟ್ಟಿದ ಬಗೆಯನ್ನೂ ನಾವು ತಿಳಿದಿರಬೇಕು. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿನ ದೊಡ್ಡ ದೊಡ್ಡ ಸಿಂಹಾಸನಗಳು ಉರುಳಿದ್ದವು. 1917ರಲ್ಲಿ ರಷ್ಯಾದ ಝಾರ್, 1918ರಲ್ಲಿ ಜರ್ಮನಿಯ ಕೈಸರ್, ಅದೇ ವರ್ಷ ಆಸ್ಟ್ರಿಯದ ಚಕ್ರವರ್ತಿ. ಆ ಖಾಲಿ ಜಾಗಕ್ಕೆ ಸರ್ವಾಧಿಕಾರಿಗಳು ಬರತೊಡಗಿದ್ದರು. ಇಟಲಿಯಲ್ಲಿ 1922ರಿಂದ ಮುಸೊಲಿನಿ ಅಧಿಕಾರದಲ್ಲಿದ್ದ. ಅಂಥ ಹೊತ್ತಿನಲ್ಲಿ, 1925ರ ಡಿಸೆಂಬರ್ 11ರಂದು, ಹನ್ನೊಂದನೆಯ ಭಕ್ತಿನಾಥ ಪಿಯುಸ್ ಜಗದ್ಗುರುಗಳು ಈ ಹಬ್ಬವನ್ನು ಸ್ಥಾಪಿಸಿದರು. ಪ್ರತಿ ವರ್ಷ ಈ ದಿನ ಲೋಕವನ್ನು ಯೇಸುವಿನ ಪವಿತ್ರ ಹೃದಯಕ್ಕೆ ಮರಳಿ ಸಮರ್ಪಿಸಬೇಕೆಂದೂ ಆದೇಶಿಸಿದರು. ನಮ್ಮ ಮನೆಯ ಆ ಪಟಕ್ಕೂ ಈ ಹಬ್ಬಕ್ಕೂ ಇರುವ ನಂಟು ಅದೇ. 1935ರಲ್ಲಿ ಥಾಮಸ್ ಮೋರ್ ಮತ್ತು ಜಾನ್ ಫಿಷರ್ ಅವರನ್ನು ಸಂತರೆಂದು ಘೋಷಿಸಿದವರೂ ಅದೇ ಜಗದ್ಗುರುಗಳು.

ಹಬ್ಬ ಆರಂಭವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಮೆಕ್ಸಿಕೊ ದೇಶದಲ್ಲಿ ಸರ್ಕಾರ ಧರ್ಮಸಭೆಯನ್ನು ಹಿಂಸಿಸುತ್ತಿತ್ತು. 1927ರ ನವೆಂಬರ್ 23ರಂದು ಮಿಗೆಲ್ ಪ್ರೊ ಎಂಬ ಯೇಸುಸಭೆಯ ಗುರುಗಳನ್ನು ವಿಚಾರಣೆಯೇ ಇಲ್ಲದೆ ಗುಂಡಿಟ್ಟು ಕೊಂದರು. ಅವರಿಗಾಗ 36 ವರ್ಷ. ಕಥೋಲಿಕರು ನೋಡಿ ಹೆದರಲಿ ಎಂದು ಸರ್ಕಾರ ಛಾಯಾಗ್ರಾಹಕರನ್ನೂ ಕರೆಸಿತ್ತು. ಪ್ರೊ ಅವರು ಎರಡೂ ಕೈಗಳನ್ನು ಶಿಲುಬೆಯಂತೆ ಚಾಚಿ, ಕ್ರಿಸ್ತರಾಜರಿಗೆ ಜಯವಾಗಲಿ ಎಂದು ಹೇಳಿ ಪ್ರಾಣಬಿಟ್ಟರು. ಫೋಟೋಗಳು ಪತ್ರಿಕೆಗಳಲ್ಲಿ ಅಚ್ಚಾದವು. ಹೆದರಿಸಲೆಂದು ತೆಗೆಸಿದ ಆ ಚಿತ್ರಗಳನ್ನು ಜನ ಪೂಜ್ಯಭಾವದಿಂದ ಕಾಪಾಡಿಕೊಂಡರು. 1988ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಅವರನ್ನು ಪುನೀತರೆಂದು ಘೋಷಿಸಿದರು. ಗೊಲ್ಗೊಥಾದಲ್ಲಿ ನಡೆದದ್ದೇ ಅಲ್ಲಿಯೂ ನಡೆಯಿತು. ಅಧಿಕಾರ ತನ್ನ ಬಲ ತೋರಿಸಲು ಚಿತ್ರ ಮಾಡಿತು, ದೇವರು ಅದರಲ್ಲಿ ತಮ್ಮ ಮುಖ ತೋರಿಸಿದರು.

ಪ್ರಿಯರೇ, ಲೂಯಿ, ಹೆನ್ರಿ ಎಂದು ಬೇರೆಯವರ ಮಾತನ್ನೇ ಆಡಿ ಎದ್ದುಹೋದರೆ ಹಬ್ಬ ಆಚರಿಸಿದಂತಾಗದು. ಇಂದು ಚಿತ್ರ ಬರೆಸಲು ಅರಮನೆಯೂ ಬೇಡ, ಕಲಾವಿದನೂ ಬೇಡ. ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದರೆ ಸಾಕು. ಹುಟ್ಟುಹಬ್ಬದ ಶುಭಾಶಯದ ಹೆಸರಿನಲ್ಲಿ ಒಂದು ದೊಡ್ಡ ಮುಖ, ಕೆಳಗೆ ಸಾಲಾಗಿ ಇಪ್ಪತ್ತು ಚಿಕ್ಕ ಮುಖಗಳು. ಅನಾಥಾಶ್ರಮಕ್ಕೆ ಒಂದು ಚೀಲ ಅಕ್ಕಿ ಕೊಟ್ಟರೂ, ಚೀಲಕ್ಕೆ ಕೈ ಹಚ್ಚಿ ನಿಂತ ಫೋಟೋ ಬೇಕು. ಪಡೆಯುವ ಮಗು ತಲೆತಗ್ಗಿಸಿ ನಿಂತಿರುತ್ತದೆ, ಕೊಡುವವರು ಕ್ಯಾಮೆರಾ ನೋಡಿ ನಗುತ್ತಿರುತ್ತಾರೆ. ನಮ್ಮ ದೇವಾಲಯಗಳಲ್ಲೂ ಬೆಂಚು ಕೊಟ್ಟವರ ಹೆಸರು ಬೆಂಚಿಗಿಂತ ದೊಡ್ಡದಾಗಿ ಕಾಣಬೇಕೆಂಬ ಆಸೆ ಇಲ್ಲವೆನ್ನಲಾರೆ. ಗುರುಗಳಾದ ನಾವೂ ಈ ಆಸೆಗೆ ಹೊರತಲ್ಲ. ನಮ್ಮ ಜುಬಿಲಿಯ ಭಾವಚಿತ್ರ ಪೀಠದ ಶಿಲುಬೆಯನ್ನೇ ಮರೆಮಾಡುವಷ್ಟು ದೊಡ್ಡದಾದರೆ, ಅಲ್ಲಿ ಯಾವ ಅರಸರ ಹಬ್ಬ ನಡೆಯುತ್ತಿದೆ?

ದೀಕ್ಷಾಸ್ನಾನದ ದಿನ ನಮ್ಮ ತಲೆಗೆ ಪರಿಮಳ ತೈಲ ಹಚ್ಚಿ ಯಾಜಕ, ಪ್ರವಾದಿ, ಅರಸರಾದ ಕ್ರಿಸ್ತರ ದೇಹಕ್ಕೆ ನಮ್ಮನ್ನು ಸೇರಿಸಿದ್ದಾರೆ. ಹಾಗಾದರೆ ನಮ್ಮಲ್ಲಿಯೂ ರಾಜಲಕ್ಷಣ ಕಾಣಬೇಕು. ಎಂಥ ಲಕ್ಷಣ? ಇನ್ನೊಮ್ಮೆ ಪವಿತ್ರ ಹೃದಯದ ಪಟ ನೋಡಿ. ಅರಸರು ಎದೆಯ ಮೇಲೆ ಒಡವೆ ಪದಕ ಹೇರಿಕೊಂಡು ಎದೆಯನ್ನು ಮುಚ್ಚಿದರು. ನಮ್ಮ ಅರಸರು ಎದೆಯನ್ನು ತೆರೆದು ತೋರಿಸುತ್ತಿದ್ದಾರೆ. ಅಲ್ಲಿರುವ ಗುರುತುಗಳು ನಾಲ್ಕು. ಈಟಿಯ ಗಾಯ: ನೋಯಿಸಿದವರಿಗೂ ಬಾಗಿಲು ತೆರೆದಿದೆ. ಮುಳ್ಳಿನ ಸುತ್ತು: ಪ್ರೀತಿಸಿದವರಿಗೆ ನೋವು ತಪ್ಪದು. ಶಿಲುಬೆ: ತನ್ನನ್ನು ರಕ್ಷಿಸಿಕೊಳ್ಳದೆ ಇತರರನ್ನು ರಕ್ಷಿಸಿದರು. ಉರಿಯುವ ಜ್ವಾಲೆ: ಇಷ್ಟಾದರೂ ಪ್ರೀತಿ ಆರಲಿಲ್ಲ. ಈ ನಾಲ್ಕು ನಮ್ಮ ಮನೆಯಲ್ಲಿ ಕಂಡರೆ ಅಲ್ಲಿ ಕ್ರಿಸ್ತರು ಅರಸರು. ಪಟದ ಕೆಳಗೆ ದೀಪವೂ ಉರಿಯುತ್ತಾ, ಅದೇ ಗೋಡೆಯಾಚೆ ಅಣ್ಣತಮ್ಮಂದಿರು ಜಾಗದ ವ್ಯಾಜ್ಯದಿಂದ ಮಾತು ಬಿಟ್ಟಿದ್ದರೆ, ಮನೆಗೆಲಸದಾಕೆಯ ಕೂಲಿ ತಿಂಗಳುಗಟ್ಟಲೆ ಬಾಕಿಯಿದ್ದರೆ, ಅಲ್ಲಿ ಅರಸರ ಚಿತ್ರವಿದೆ, ಅರಸರಿಲ್ಲ.

ಒಮ್ಮೆ ಹೊಸ ಮನೆಯೊಂದರ ಆಶೀರ್ವಾದಕ್ಕೆ ಹೋಗಿದ್ದೆ. ಹಾಲ್‌ನ ಗೋಡೆಗೆ ಮೊಳೆ ಹೊಡೆದು ಪಟಕ್ಕೆ ಜಾಗ ಸಿದ್ಧವಾಗಿತ್ತು. ಮನೆಯ ಸೊಸೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಸ್ವಾಮಿ, ಇಲ್ಲಿ ಹಾಕಿದ್ರೆ ಬಂದವರೆಲ್ಲ ನೋಡ್ತಾರೆ, ನಿಜ. ಆದ್ರೆ ನಮ್ಮತ್ತೆ ಹಾಸಿಗೆಯಿಂದ ಏಳೋ ಹಾಗಿಲ್ಲ. ಅವರ ಕೋಣೇಲೇ ಹಾಕಿದ್ರೆ ತಪ್ಪಾಗುತ್ತಾ?" ನಾನು ಹಿಂದಿನ ಕೋಣೆಗೆ ಹೋದೆ. ಮುದುಕಿ ಮಲಗಿದ್ದರು. ಮಂಚದ ಕೆಳಗೆ ಬಿಸಿನೀರಿನ ಬೋಗುಣಿ, ಒಂದು ಟವೆಲ್. ಸೊಸೆ ಆಗತಾನೆ ಅವರ ಕಾಲು ಒರೆಸಿ ಎದ್ದುಬಂದಿದ್ದಳು. "ತಪ್ಪೇನಿಲ್ಲಮ್ಮ, ಅರಸರು ಆಗಲೇ ಈ ಕೋಣೆಯಲ್ಲಿದ್ದಾರೆ" ಎಂದೆ. ಪಟವನ್ನು ಅಲ್ಲಿಯೇ ತೂಗುಹಾಕಿ ಆಶೀರ್ವದಿಸಿದೆವು. ಹಾಲ್‌ನ ಮೊಳೆ ಖಾಲಿಯೇ ಉಳಿಯಿತು.

ಮುಂದಿನ ಭಾನುವಾರ ಆಗಮನ ಕಾಲ ಆರಂಭವಾಗುತ್ತದೆ. ಅರಸರು ಬರಲಿದ್ದಾರೆ ಎಂದು ಮತ್ತೆ ಕಾಯತೊಡಗುತ್ತೇವೆ. ಅದಕ್ಕೆ ಮುಂಚೆ ಈ ವಾರ ಒಂದು ಸಂಜೆ ಮನೆಯವರೆಲ್ಲ ಟಿವಿ ಆರಿಸಿ ಆ ಪಟದ ಮುಂದೆ ಕುಳಿತುಕೊಳ್ಳಿ. ಗಾಜಿನ ಧೂಳು ಒರೆಸಿ. ಕುಟುಂಬವನ್ನು ಪವಿತ್ರ ಹೃದಯಕ್ಕೆ ಮರಳಿ ಸಮರ್ಪಿಸಿ. ಬಳಿಕ ಮಾತು ಬಿಟ್ಟ ಒಬ್ಬರಿಗೆ ಫೋನ್ ಮಾಡಿ, ಇಲ್ಲವೇ ಕೊಡಬೇಕಾದ ಕೂಲಿಯನ್ನು ಕೊಟ್ಟುಬನ್ನಿ, ಇಲ್ಲವೇ ಹಾಸಿಗೆ ಹಿಡಿದ ಒಬ್ಬರ ಕಾಲುಗಳನ್ನು ತೊಳೆಯಿರಿ. ಅದರ ಫೋಟೋ ತೆಗೆಯಬೇಡಿ. ಥಾಮಸ್ ಮೋರ್ ಅವರ ಒಳ ಅಂಗಿಯ ಹಾಗೆ ಅದು ದೇವರಿಗೂ ನಿಮಗೂ ಮಾತ್ರ ತಿಳಿದಿರಲಿ.

ಪ್ರಭು ಯೇಸುವೇ, ಮುಳ್ಳಿನ ಕಿರೀಟ ತೊಟ್ಟ ನಮ್ಮ ಅರಸರೇ, ನಿಮ್ಮ ಪಕ್ಕದಲ್ಲಿ ತೂಗಿದ್ದ ಆ ಕಳ್ಳನಿಗೆ ಕಂಡ ನಿಮ್ಮ ಮುಖ ನಮಗೂ ಕಾಣಲಿ. ನಮ್ಮ ಮನೆಗಳಿಗೆ ಬಂದವರಿಗೆ ಗೋಡೆಯ ಮೇಲೆ ಮಾತ್ರವಲ್ಲ, ನಮ್ಮ ನಡೆಯಲ್ಲಿಯೂ ನಿಮ್ಮ ರೂಪ ಕಾಣುವಂತೆ ಮಾಡಿರಿ. ಪಿತನೊಂದಿಗೂ ಪವಿತ್ರಾತ್ಮರೊಂದಿಗೂ ಯುಗಯುಗಾಂತರಕ್ಕೂ ಆಳುವವರು ನೀವೇ.

ಆಮೆನ್.